ಗಡ್ಡೆಯ ಕಡೆಗೆ ಬಳಿದ ಪಟ್ಟಿ

ಹೊಳೆತಿಮ್ಮಾಪುರ, ಗಂಗಾವತಿ ತಾಲ್ಲೂಕು
ಜೂನ್ 5, 2025

ಸುರೇಖಾ ಮೇಡಂ ಅವರಿಗೆ ಉಮರಸಾಬನ ಸಲಾಮು.

ನೀವು ಪುಣೆ ಮುಟ್ಟಿದ ಸುದ್ದಿಯನ್ನು ನಿಮ್ಮ ಕೊಪ್ಪಳದ ಸಹಾಯಕ ಪ್ರಭುರಾಜ ಬಂದು ಹೇಳಿದ. ಹೇಳಿದ ಅನ್ನುವುದಕ್ಕಿಂತ ನನ್ನ ಎಡಗಿವಿಗೆ ಬಾಯಿಟ್ಟು ಕೂಗಿದ ಅನ್ನಬೇಕು. ಓಣಿಯವರೆಲ್ಲ ಹೊರಗೆ ಬಂದು ಏನು ಜಗಳ ಎಂದು ವಿಚಾರಿಸಿಕೊಂಡು ಹೋದರು. ಅದಕ್ಕೇ ಮೊದಲೇ ಬರೆಯುತ್ತಿದ್ದೇನೆ, ನನಗೆ ಫೋನ್ ಮಾಡುವ ಕಷ್ಟ ತೆಗೆದುಕೊಳ್ಳಬೇಡಿ. ಗಿಣಿಗೇರಾದಲ್ಲಿ ಅದಿರು ಅರೆಯುವ ಯಂತ್ರದ ಮುಂದೆ ನಿಂತು ವಯಸ್ಸು ಕಳೆದವನು ನಾನು. ಕೆಲಸ ಬಿಟ್ಟು ಬರುವಾಗ ಕಿವಿಗಳನ್ನು ಅಲ್ಲೇ ಮರೆತು ಬಂದೆ. ಬಾಯಿ ಮಾತ್ರ ಜೊತೆಗೇ ಬಂತು ಎಂದು ನನ್ನ ಹೆಂಡತಿ ಬಾನುಬೀ ಹೇಳುತ್ತಾಳಂತೆ. ನನಗೆ ಕೇಳಿಸಿಲ್ಲ. ಏಳನೇ ಇಯತ್ತೆಯವರೆಗೆ ಕಲಿತ ಕನ್ನಡ ಇನ್ನೂ ಕೈಯಲ್ಲಿದೆ. ಕಾಗದ ಬರೆಯಿರಿ, ಓದುತ್ತೇನೆ.

ನೀವು ಹೊಳೆಯ ದಂಡೆಯಲ್ಲಿ ನೆಡಿಸಿದ ಅಳತೆಯ ಕಂಬ ಗಟ್ಟಿಯಾಗಿ ನಿಂತಿದೆ. ಮುಂಜಾನೆ ಸಂಜೆ ಹೋಗಿ, ದಂಡೆಯ ಕಡೆಗಿರುವ ಅಂಕಿಗಳಲ್ಲಿ ನೀರು ಎಲ್ಲಿದೆ ಎಂದು ನೋಡಿ ಬರೆದಿಡುತ್ತೇನೆ. ಸದ್ಯಕ್ಕೆ ಬರೆಯುವಂಥದ್ದೇನಿಲ್ಲ, ಹೊಳೆಯಲ್ಲಿ ನೀರಿಗಿಂತ ಕಲ್ಲೇ ಹೆಚ್ಚು. ನೀರುನಾಯಿ ಕಂಡರೆ ಅದನ್ನೂ ತಿಳಿಸಿ ಎಂದಿದ್ದಿರಿ. ಒಂದು ಜೋಡಿ ದಿನಾ ಬಂದು ಕಂಬದ ಕೆಳಗಿನ ಬಂಡೆಯ ಮೇಲೆ ಮೀನು ತಿಂದು, ನನ್ನನ್ನು ನೋಡಿ, ಏನೂ ಕೊಡದೆ ಹೋಗುತ್ತವೆ.

ಒಂದು ಮಾತು ನೆನಪಿಸುತ್ತೇನೆ, ತಪ್ಪು ತಿಳಿಯಬೇಡಿ. ನನ್ನ ಬಾಳೆತೋಟ ಇರುವುದು ಹೊಳೆಯ ನಡುವಿನ ಗಡ್ಡೆಯ ಮೇಲೆ. ಅಣೆಕಟ್ಟೆಯಿಂದ ನೀರು ಬಿಟ್ಟರೆ ನಮ್ಮ ಶಾಲೆಯ ಮಾಳಿಗೆಯ ಮೇಲಿನ ಸೈರನ್ ಊದುತ್ತಾರೆ. ಗಡ್ಡೆಯ ಮೇಲಿದ್ದವರೆಲ್ಲ ಹೊಳೆಗೆ ಅಡ್ಡಲಾಗಿರುವ ಬಂಡೆದಾರಿ ಹಿಡಿದು ದಂಡೆಗೆ ಓಡುತ್ತಾರೆ. ನಾನೊಬ್ಬ ಬಾಳೆಗಿಡಗಳ ಜೊತೆ ನಿಂತಿರುತ್ತೇನೆ. ಸೈರನ್ ಊದಿದ ಕೂಡಲೇ ಗಡ್ಡೆಯ ಮೇಲೆ ಮಿಣುಕುವಂತೆ ಒಂದು ಕೆಂಪು ದೀಪ ಹಾಕಿಸುತ್ತೇನೆ ಎಂದು ಹೇಳಿ ಹೋಗಿದ್ದಿರಿ. ಅಂದಿನಿಂದ ಬಾನುಬೀ ನಿಮ್ಮ ಹೆಸರು ಹಿಡಿದು ದುವಾ ಮಾಡುತ್ತಿದ್ದಾಳೆ. ದೀಪ ಬಂದ ಮೇಲೆ ನಿಮಗೆ ಊಟ ನಮ್ಮಲ್ಲೇ.

ನಿಮ್ಮ
ಉಮರಸಾಬ


ಪುಣೆ
ಜೂನ್ 14, 2025

ಉಮರಸಾಬ ಕಾಕಾ ಅವರಿಗೆ ನಮಸ್ಕಾರ.

ಮೇಡಂ ಅನ್ನಬೇಡಿ. ನಾನೂ ಕುಷ್ಟಗಿಯ ಹುಡುಗಿ. ನಮ್ಮೂರಲ್ಲಿ ಹೊಳೆ ಎಂದರೆ ಜೋರು ಮಳೆಯಾದ ದಿನ ಮಾತ್ರ ಹರಿಯುವ ಹಳ್ಳ. ನಾನು ಹೊಳೆ, ನೆರೆ ಎಂದು ಅಧ್ಯಯನಕ್ಕೆ ಇಳಿದಾಗ ಯಲಬುರ್ಗಾದ ನಮ್ಮತ್ತೆ, "ಕುಡಿಯಾಕ ನೀರಿಲ್ಲದ ಊರಾಗ ಹುಟ್ಟಿ ನೆರಿ ಅಳ್ಯಾಕ ಹೊಂಟಾಳ ನೋಡ್ರಿ" ಎಂದು ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ಈಗಲೂ ನಗುತ್ತಾರೆ.

ನಿಮ್ಮ ಕಾಗದ ಓದಿ ಬಹಳ ಖುಷಿಯಾಯಿತು. ನೀರುನಾಯಿಯ ಭಾಗವನ್ನು ಇಲ್ಲಿ ಎಲ್ಲರಿಗೂ ಓದಿ ತೋರಿಸಿದೆ. ದಂಡೆಯ ಲಕ್ಕಿಗಿಡ, ಜೇಕು ಹುಲ್ಲು ಉಳಿದರೆ ಮಣ್ಣು ಉಳಿಯುತ್ತದೆ, ನೀರುನಾಯಿಯೂ ಉಳಿಯುತ್ತದೆ. ನಮ್ಮ ಅಧ್ಯಯನದ ಅರ್ಧ ಕೆಲಸ ಅದು. ಇನ್ನರ್ಧ, ಎಷ್ಟು ನೀರು ಬಂದಾಗ ಗಡ್ಡೆಗಳ ಮೇಲಿನ ಜನ ಹೊರಡಬೇಕು ಎಂದು ಸರಿಯಾಗಿ ಗೊತ್ತುಮಾಡುವುದು. ನಿಮ್ಮ ಕಂಬದಲ್ಲಿ ನೀರು ಆರನೇ ಅಂಕಿ ಮುಟ್ಟಿದಾಗಲೇ ಗಡ್ಡೆ ಬಿಟ್ಟುಬಿಡಿ, ಕಾಕಾ. ಏಳು ದಾಟಿದರೆ ಬಂಡೆದಾರಿಯಲ್ಲಿ ಕಾಲೂರಲು ಆಗುವುದಿಲ್ಲ. ಇದನ್ನು ಎಲ್ಲರಿಗೂ ಹೇಳಿ.

ದೀಪದ ಚಿಂತೆ ಬಿಡಿ. ನಮ್ಮ ಅಧ್ಯಯನ ಕೇಂದ್ರಕ್ಕೆ ಬರೆದು ಕೊಟ್ಟಿದ್ದೇನೆ, ಈ ತಿಂಗಳೊಳಗೆ ಬರುತ್ತದೆ. ನನ್ನ ಮಾತು. ಬಾನುಬೀ ಕಾಕಿಗೆ ನನ್ನ ನಮಸ್ಕಾರ ತಿಳಿಸಿ.

ಸುರೇಖಾ


ಹೊಳೆತಿಮ್ಮಾಪುರ
ಜುಲೈ 4, 2025

ಸುರೇಖಾಗೆ ಆಶೀರ್ವಾದಗಳು.

ಹೊಸ ನೀರು ಬಂತು! ಮಣ್ಣಿನ ಬಣ್ಣದ ನೀರು, ಮೇಲೆ ನೊರೆ, ಕಸಕಡ್ಡಿ. ಮಂಗಳವಾರ ಓಣಿಯ ಹೆಂಗಸರೆಲ್ಲ ಗಂಗವ್ವನಿಗೆ ಉಡಿ ತುಂಬಲು ಹೊಳೆಗೆ ಹೋದರು. ಮುಂದಾಳು ಪಕ್ಕದ ಮನೆಯ ಮಾರೆವ್ವ. ಆಕೆಗೆ ಇರುವುದು ಒಂದು ಎಮ್ಮೆ, ಮತ್ತು ಊರಿಗೆಲ್ಲ ಸಾಕಾಗುವಷ್ಟು ದನಿ. ಅಷ್ಟು ದನಿಯೂ ನನಗೆ ಅರ್ಧವೇ ಮುಟ್ಟುತ್ತದೆ.

ಈಗ ಸ್ವಲ್ಪ ತಮಾಷೆ ಆಗಿದೆ, ಸಿಟ್ಟಾಗಬೇಡ. ಮೊದಲು ಅವರು ಒಂದು ಗುಂಡುಕಲ್ಲಿಗೆ ಪೂಜೆ ಮಾಡುತ್ತಿದ್ದರು. ನಿಮ್ಮ ಕಂಬ ನೆಡುವಾಗ ಆಳುಗಳು ಆ ಕಲ್ಲನ್ನು ಬುಡಕ್ಕೆ ಹಾಕಿ ಮುಚ್ಚಿಬಿಟ್ಟಿದ್ದಾರೆ. ಹೆಂಗಸರು ಹೋಗಿ ನೋಡಿದರೆ ಗುಂಡುಕಲ್ಲು ಇದ್ದ ಜಾಗದಲ್ಲಿ ಎರಡಾಳು ಎತ್ತರದ ಹೊಸ ಕಂಬ. ಮಾರೆವ್ವ ಕೈಮುಗಿದು, "ನೋಡ್ರೆ, ಗಂಗವ್ವಗ ಸರಕಾರದವ್ರ ಕಲ್ಲು ನಿಲ್ಲಿಸ್ಯಾರ. ನಾವು ಸುಣ್ಣಾನೂ ಬಳೀಲಿಲ್ಲಂದ್ರ ಹೆಂಗ?" ಅಂದಳಂತೆ. ಕಾರಹುಣ್ಣಿಮೆಗೆ ಎತ್ತುಗಳಿಗೆ ಬಳಿದು ಉಳಿದ ಕೆಮ್ಮಣ್ಣು ಎಲ್ಲರ ಮನೆಯಲ್ಲೂ ಇತ್ತು. ಬುಡದಿಂದ ತುದಿಯವರೆಗೆ ಸುಣ್ಣ, ಅದರ ಮೇಲೆ ಕೆಮ್ಮಣ್ಣಿನ ಗೆರೆ, ಎರಡು ಕಣ್ಣು, ಒಂದು ಮೂಗು, ಸೊಂಟಕ್ಕೆ ಹಸಿರು ಬಳೆ. ನಿಜ ಹೇಳುತ್ತೇನೆ, ಬಹಳ ಚೆಂದ ಕಾಣುತ್ತದೆ. ಆದರೆ ಅಂಕಿಗಳು ಸುಣ್ಣದ ಒಳಗೆ ಸೇರಿಬಿಟ್ಟಿವೆ.

ನಾನೇನೂ ಕೆಲಸ ನಿಲ್ಲಿಸಿಲ್ಲ. ಈ ಸಲದ ಹಾಳೆಯಲ್ಲಿ "ಬಳೆಯಿಂದ ಒಂದು ಮೊಳ ಕೆಳಗೆ", "ಬಳೆಯಿಂದ ಒಂದು ಗೇಣು ಕೆಳಗೆ" ಎಂದು ಬರೆದಿದ್ದೇನೆ. ನಿನಗೆ ತಿಳಿಯುತ್ತದೆ ಅಂದುಕೊಂಡಿದ್ದೇನೆ. ನೀರು ಮೂಗಿನವರೆಗೆ ಬಂದರೆ ನಾವೆಲ್ಲ ಊರು ಬಿಟ್ಟಿರುತ್ತೇವೆ.

ದೀಪ ಇನ್ನೂ ಬಂದಿಲ್ಲ. ಅಂಚೆಯವರು ತಡ ಮಾಡುತ್ತಿರಬಹುದು.

ಉಮರಸಾಬ


ಪುಣೆ
ಜುಲೈ 10, 2025

ಮಾನ್ಯ ಉಮರಸಾಬ ಅವರಿಗೆ,

ನೀವು ಕಳಿಸಿದ ಹಾಳೆ ಬಂದಿದೆ. ಬಳೆ, ಮೊಳ, ಮೂಗು ಇವುಗಳಿಂದ ನೀರಿನ ಮಟ್ಟ ಲೆಕ್ಕ ಹಾಕಲು ಬರುವುದಿಲ್ಲ. ಹೊಸ ನೀರಿನ ದಿನಗಳೇ ನಮಗೆ ಮುಖ್ಯವಾದವು. ಅವು ಹಾಳಾಗಿವೆ. ಹೊಳೆಯ ಉದ್ದಕ್ಕೂ ನಾವು ನಿಲ್ಲಿಸಿರುವ ಕಂಬಗಳಲ್ಲಿ ನಿಮ್ಮ ಊರಿನದರ ಬಗ್ಗೆ ನಾನು ಎಲ್ಲರಿಗಿಂತ ಹೆಚ್ಚು ಭರವಸೆ ಇಟ್ಟಿದ್ದೆ.

ಕಂಬವನ್ನು ಕೂಡಲೇ ತೆಂಗಿನ ನಾರಿನಿಂದ ಉಜ್ಜಿ ತೊಳೆಯಿರಿ. ಮುಂದೆ ಯಾರೂ ಅದನ್ನು ಮುಟ್ಟದ ಹಾಗೆ ನೋಡಿಕೊಳ್ಳುವುದು ನಿಮ್ಮ ಜವಾಬ್ದಾರಿ. ಪೂಜೆಗೆ ಬೇರೆ ಕಲ್ಲು ಸಿಗುತ್ತದೆ.

ಸುರೇಖಾ


ಹೊಳೆತಿಮ್ಮಾಪುರ
ಜುಲೈ 19, 2025

ಸುರೇಖಾ ಮೇಡಂ ಅವರಿಗೆ,

ಕಂಬ ತೊಳೆದೆ. ನಾರಿನಿಂದ ಉಜ್ಜಿ, ಅಂಕಿಗಳು ಮೊದಲಿನಂತೆ ಹೊಳೆಯುವ ಹಾಗೆ ಮಾಡಿದ್ದೇನೆ. ಬಳೆಗಳನ್ನು ಮಾತ್ರ ಒಡೆಯಲು ಮನಸ್ಸಾಗಲಿಲ್ಲ, ದಾರ ಬಿಚ್ಚಿ ಮಾರೆವ್ವನ ಕೈಗೆ ಕೊಟ್ಟೆ. ಆಕೆ ನನ್ನೊಂದಿಗೆ ಮಾತು ಬಿಟ್ಟಳು. ಮಾತು ಬಿಟ್ಟಿದ್ದಾಳೆ ಎಂದು ತಿಳಿಯುವುದಕ್ಕೇ ನನಗೆ ನಾಲ್ಕು ದಿನ ಹಿಡಿಯಿತು.

ನಿಮ್ಮ ಕಾಗದವನ್ನು ಬಾನುಬೀಗೂ ತೋರಿಸಿದೆ. ಆಕೆಗೆ ಕೂಡಿಸಿ ಕೂಡಿಸಿ ಓದಲು ಬರುತ್ತದೆ. ಒಂದು ಸಲ ಓದಿದಳು, ಹಾಳೆ ತಿರುಗಿಸಿ ಹಿಂದೆ ನೋಡಿದಳು, ಮತ್ತೆ ಓದಿದಳು. ಏನು ಹುಡುಕುತ್ತೀ ಎಂದೆ. ಏನಿಲ್ಲ ಎಂದು ತಲೆಯಾಡಿಸಿ ಒಳಗೆ ಹೋದಳು. ನಿಮ್ಮ ಸಿಟ್ಟು ಆಕೆಗೂ ಬೇಸರ ತಂದಿರಬೇಕು.

ಕಂಬ ಕಾಯುವುದು ನನ್ನ ಜವಾಬ್ದಾರಿ ಎಂದಿದ್ದೀರಿ, ಕಾಯುತ್ತಿದ್ದೇನೆ. ಬಾಳೆಗೆ ಆಸರೆ ಕಟ್ಟಲು ಗಡ್ಡೆಯ ಆ ತುದಿಗೆ ಹೋದರೂ ಕಣ್ಣು ಕಂಬದ ಮೇಲೇ. ಮೊನ್ನೆ ಯಾರೋ ಅದಕ್ಕೆ ಕೆಂಪು ಸೀರೆ ಒಣಹಾಕಿದ್ದರು ನೋಡಿ! ಬಾನುಬೀಯೂ ಗಡ್ಡೆಗೆ ಬಂದಿದ್ದಳು, ಈ ನಡುವೆ ದಿನಾ ಬರುತ್ತಾಳೆ. ಆಕೆಗೆ ತೋರಿಸಿ, "ಯಾರದದು ಸೀರಿ? ಮೇಡಂಗ ಗೊತ್ತಾದ್ರ ನನ್ನ ಗತಿ ಏನು?" ಎಂದು ರೇಗಿದೆ. ರೇಗಿದ್ದು ನಾನು, ಆಕೆ ನಕ್ಕಳು. ಹೆಂಗಸರ ಮನಸ್ಸು ಯಾರಿಗೆ ತಿಳಿಯುತ್ತದೆ.

ಅಂಕಿಗಳ ಹಾಳೆ ಜೊತೆಗಿದೆ. ಈ ಸಲ ಮೂಗಿಲ್ಲ.

ಉಮರಸಾಬ


ಪುಣೆ
ಜುಲೈ 30, 2025

ಮಾನ್ಯ ಉಮರಸಾಬ ಅವರಿಗೆ,

ಪ್ರಭುರಾಜ ಮೊನ್ನೆ ಗಡ್ಡೆಯ ಮಣ್ಣು ತರಲು ಹೋದಾಗ ಅಲ್ಲಿಂದ ತೆಗೆದ ಫೋಟೋ ಕಳಿಸಿದ್ದಾನೆ. ಕಂಬದ ಹಿಂಬದಿಗೆ, ಗಡ್ಡೆಯ ಕಡೆಗೆ, ತುದಿಯವರೆಗೂ ಸುಣ್ಣ, ಕೆಮ್ಮಣ್ಣಿನ ದೊಡ್ಡ ದೊಡ್ಡ ಪಟ್ಟಿಗಳು! ಮುಂಬದಿಯ ಅಂಕಿಗಳು ಸ್ವಚ್ಛವಾಗಿವೆ ಎಂದು ಅವನೇ ಹೇಳಿದ, ಒಪ್ಪುತ್ತೇನೆ. ಆದರೆ ಮುಟ್ಟಬೇಡಿ ಎಂದದ್ದನ್ನು ಮತ್ತೆ ಮುಟ್ಟಿದ್ದಾರೆ, ನೀವು ನನಗೆ ಒಂದು ಮಾತೂ ಬರೆದಿಲ್ಲ.

ನಮ್ಮ ಕೇಂದ್ರದ ಹಿರಿಯರು ಫೋಟೋ ನೋಡಿ, ಈ ಕಂಬವನ್ನು ಕಿತ್ತು ಬೇರೆ ಊರಿಗೆ ಹಾಕೋಣ ಎನ್ನುತ್ತಿದ್ದಾರೆ. ಆಗಸ್ಟ್ ಕೊನೆಯ ಸಭೆಯಲ್ಲಿ ತೀರ್ಮಾನ. ಕಂಬ ಹೋದರೆ ನಿಮ್ಮ ಗಡ್ಡೆಯವರು ಯಾವಾಗ ಹೊರಡಬೇಕೆಂದು ಹೇಳಲು ನನ್ನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಅದು ನಿಮಗೆ ತಿಳಿದಿದೆಯೋ ಇಲ್ಲವೋ.

ದೀಪದ ಕೆಲಸ ಸ್ವಲ್ಪ ತಡವಾಗುತ್ತದೆ.

ಸುರೇಖಾ


ಪುಣೆ
ಆಗಸ್ಟ್ 13, 2025

ಕಾಕಾ,

ನನ್ನ ಕಾಗದಕ್ಕೆ ಉತ್ತರ ಬರಲಿಲ್ಲ. ಸಿಟ್ಟಿಗೆ ಬರೆದಿಲ್ಲವೇನೋ ಅಂದುಕೊಂಡಿದ್ದೆ. ನಿನ್ನೆ ನೀರು ಬಿಟ್ಟ ಸುದ್ದಿ ಬಂದಾಗಿನಿಂದ ಕೂತಲ್ಲಿ ಕೂರಲು ಆಗುತ್ತಿಲ್ಲ. ಪ್ರಭುರಾಜನಿಗೆ ಫೋನ್ ಮಾಡಿದೆ. ಊರಿನ ದಾರಿಯ ಮೇಲೆ ನೀರು ನಿಂತಿದೆ, ಕೆಳಗಿನ ಓಣಿಯವರೆಲ್ಲ ಶಾಲೆಯಲ್ಲಿದ್ದಾರಂತೆ, ನಿಮ್ಮನ್ನು ಕಂಡವರು ಅವನಿಗೆ ಯಾರೂ ಸಿಕ್ಕಿಲ್ಲ. ನಾಳೆ ದಾರಿ ಬಿಟ್ಟರೆ ಹೋಗುತ್ತೇನೆ ಎಂದಿದ್ದಾನೆ. ಈ ಕಾಗದವನ್ನು ಅವನ ಫೋನಿಗೇ ಕಳಿಸುತ್ತಿದ್ದೇನೆ. ನೀವು ಸಿಕ್ಕ ಕೂಡಲೇ ಓದಿಸಬೇಕೆಂದು ಹೇಳಿದ್ದೇನೆ.

ದೀಪಕ್ಕೆ ಮಂಜೂರಾತಿ ಸಿಗಲಿಲ್ಲ, ಕಾಕಾ. ಜೂನ್ ಕೊನೆಯಲ್ಲೇ ಇಲ್ಲ ಎಂದರು. ಮಾತು ಕೊಟ್ಟವಳು ನಾನು, ಹೇಗೆ ಬರೆಯುವುದು ಎಂದು ಬರೆಯದೇ ಉಳಿದೆ. ನಿಮಗೆ ಕಂಬದ ಬಗ್ಗೆ ಅಷ್ಟು ಬಿರುಸಾಗಿ ಬರೆದೆ, ದೀಪ ಬರುವುದಿಲ್ಲ, ನೀವು ನೀರಿನ ಹೊತ್ತಿನಲ್ಲಿ ಗಡ್ಡೆಗೆ ಹೋಗಬೇಡಿ ಎಂಬ ಒಂದು ಸಾಲು ಬರೆಯಲಿಲ್ಲ.

ಕಂಬಕ್ಕೆ ಯಾರು ಏನು ಬೇಕಾದರೂ ಬಳಿಯಲಿ. ನೀವಿಬ್ಬರೂ ಕ್ಷೇಮವಿದ್ದೀರಿ ಎಂದು ಒಂದು ಸಾಲು ಬರೆಯಿರಿ ಸಾಕು.

ಸುರೇಖಾ


ಸರಕಾರಿ ಶಾಲೆ, ಹೊಳೆತಿಮ್ಮಾಪುರ
ಆಗಸ್ಟ್ 19, 2025

ಮಗಳೇ ಸುರೇಖಾ,

ಇದ್ದೇವೆ! ನಾನು, ಬಾನುಬೀ, ಮಾರೆವ್ವ, ಆಕೆಯ ಎಮ್ಮೆ, ಎಲ್ಲರೂ ಇದ್ದೇವೆ. ಇದನ್ನು ಮೊದಲು ಬರೆದೆ, ಉಳಿದದ್ದನ್ನು ನೀನು ನಿಧಾನವಾಗಿ ಓದು.

ಪ್ರಭುರಾಜ ಮೊಣಕಾಲು ಕೆಸರಿನಲ್ಲಿ ಬಂದು ಫೋನಿನಲ್ಲಿ ನಿನ್ನ ಕಾಗದ ತೋರಿಸಿದ. ಓದಿದೆ. ದೀಪದ ಮಾತನ್ನು ಇಲ್ಲಿಗೇ ಬಿಡು. ನೀನು ಅಲ್ಲಿ ಕೂತು ನಮಗಾಗಿ ಬೇಡಿದೆ, ಅವರು ಕೊಡಲಿಲ್ಲ. ಬೇಡಿದ್ದನ್ನು ನಾನು ಮರೆಯುವುದಿಲ್ಲ. ಕಂಬದ ಬಣ್ಣದ ಬಗ್ಗೆ ನಾನೂ ನಿನಗೆ ಬರೆದಿರಲಿಲ್ಲವಲ್ಲ, ಲೆಕ್ಕ ಸರಿಹೋಯಿತು. ಒಂದು ಮುಂಜಾನೆ ಎದ್ದು ನೋಡಿದರೆ ಕಂಬದ ಹಿಂಬದಿಗೆ ಪಟ್ಟಿ ಬಳಿದಿದ್ದರು. ಗಂಗವ್ವ ಬರುವುದು ಹೊಳೆಯ ಕಡೆಯಿಂದ, ಅದಕ್ಕೇ ಮಾರೆವ್ವ ಆ ಕಡೆಗೆ ಬಳಿದಿದ್ದಾಳೆ ಅಂದುಕೊಂಡೆ. ಮತ್ತೊಮ್ಮೆ ನಾರು ಹಿಡಿದು ಆಕೆಯ ದೇವರನ್ನು ಉಜ್ಜಲು ಕೈ ಬರಲಿಲ್ಲ. ನಿನಗೆ ಬರೆಯಲೂ ಕೈ ಬರಲಿಲ್ಲ.

ಈಗ ಕೇಳು. ಮಂಗಳವಾರ ಮುಂಜಾನೆ ನೀರು ಮೂರನೇ ಅಂಕಿಯಲ್ಲಿತ್ತು. ಮೋಡವಿತ್ತು, ಮಳೆ ಇರಲಿಲ್ಲ. ಗೊನೆ ಬಿಟ್ಟ ಬಾಳೆ ಗಾಳಿಗೆ ವಾಲುತ್ತಿತ್ತೆಂದು ಆಸರೆ ಕೊಡಲು ಗಡ್ಡೆಗೆ ಹೋದೆ. ಮಾರೆವ್ವ ನನ್ನ ತೋಟದ ಬದುವಿನಲ್ಲೇ ಹುಲ್ಲು ಕೊಯ್ಯುತ್ತಿದ್ದಳು, ಮುಖ ತಿರುಗಿಸಿಕೊಂಡು. ನಾವಿದ್ದ ತುದಿ ಎತ್ತರ, ಸುತ್ತ ಬಾಳೆ, ಸಂದಿಯಿಂದ ದಂಡೆಯ ಕಂಬ ಮಾತ್ರ ಕಾಣುತ್ತದೆ. ಗಡ್ಡೆಯ ಅಂಚಿಗೆ ನೀರು ಏರುವುದು ಅಲ್ಲಿಂದ ಕಾಣುವುದಿಲ್ಲ. ಮಧ್ಯಾಹ್ನ ಸೊಂಟ ನೋಯಿತೆಂದು ನೆಟ್ಟಗೆ ನಿಂತು ಬೆನ್ನು ಚಾಚಿದೆ. ಅಭ್ಯಾಸ ನೋಡು, ಕಣ್ಣು ಕಂಬದ ಕಡೆಗೆ ಹೋಯಿತು. ಮುಂಜಾನೆ ನಾಲ್ಕೈದು ಕೆಂಪು ಪಟ್ಟಿಗಳಿದ್ದವು. ಈಗ ಮೇಲೆ ಎರಡೇ ಉಳಿದಿದ್ದವು. ನೋಡನೋಡುತ್ತ ಕೆಳಗಿನದರ ಅಂಚು ನೀರಿಗೆ ಹೋಯಿತು.

ಮಾರೆವ್ವನ ರಟ್ಟೆ ಹಿಡಿದು ಎಳೆದೆ. ಆಕೆ ಕುಡುಗೋಲು ಎತ್ತಿದಳು. ಕಂಬ ತೋರಿಸಿದೆ, ಆಗ ಆಕೆಯ ಮುಖ ಬಿಳಿಚಿಕೊಂಡಿತು. ಕೇಳಿದೆಯಾ, ಸೈರನ್ ಊದಿ ಬಹಳ ಹೊತ್ತಾಗಿತ್ತಂತೆ. ಗಡ್ಡೆಯ ಈ ತುದಿಯಲ್ಲಿದ್ದವರೆಲ್ಲ ಹೋಗಿಬಿಟ್ಟಿದ್ದರು. ಆದರೆ ಮಾರೆವ್ವನ ಕಿವಿ ನೆಟ್ಟಗಿದೆ, ಆಕೆಗೂ ಕೇಳಿಸಿರಲಿಲ್ಲ. ಗಾಳಿ ಎದುರಾಗಿತ್ತು, ಬಾಳೆ ಎಲೆಯ ಸದ್ದು ಬೇರೆ. ಆ ಹೊತ್ತಿಗೆ ಅಲ್ಲಿ ನಾವಿಬ್ಬರೂ ಕಿವುಡರೇ.

ಓಡಿದೆವು. ಬಂಡೆದಾರಿಯಲ್ಲಿ ನೀರು ತೊಡೆಯವರೆಗೆ ಬಂದಿತ್ತು, ಕಾಲ ಕೆಳಗಿನ ಬಂಡೆ ಜಾರುತ್ತಿತ್ತು. ಮಾರೆವ್ವ ಹುಲ್ಲಿನ ಹೊರೆ ಬಿಡಲೊಲ್ಲಳು! ನಾನೇ ಕಿತ್ತು ಹೊಳೆಗೆ ಎಸೆದೆ. ದಂಡೆ ಮುಟ್ಟುವ ತನಕ ನನ್ನನ್ನು ಬೈದಳು ಎಂದು ಆಕೆಯ ಬಾಯಿ ನೋಡಿ ತಿಳಿದುಕೊಂಡೆ. ಕಿವಿ ಇಲ್ಲದ್ದಕ್ಕೆ ಅಂದೊಂದು ದಿನ ಅಲ್ಲಾಹುವಿಗೆ ಶುಕ್ರ್ ಹೇಳಿದೆ. ದಂಡೆಯ ಹತ್ತಿರ ಬಂದಾಗ ಬಾನುಬೀ ಎದುರಿಗೇ ಎದೆಯೆತ್ತರ ನೀರಿಗೆ ಇಳಿದುಬಿಟ್ಟಿದ್ದಳು. ಇಬ್ಬರು ಆಕೆಯನ್ನು ಹಿಡಿದುಕೊಂಡಿದ್ದರು. ನನ್ನ ಎದೆಗೆ ಎರಡು ಗುದ್ದಿದಳು, ಆಮೇಲೆ ಅದೇ ಎದೆಗೆ ಮುಖವಿಟ್ಟು ಅತ್ತಳು. ನಾವು ಹಿಂದೆ ತಿರುಗಿ ನೋಡುವಷ್ಟರಲ್ಲಿ ಬಂಡೆದಾರಿ ಇರಲಿಲ್ಲ.

ಬಾಳೆಯಲ್ಲಿ ಅರ್ಧ ಹೋಗಿದೆ. ಮನೆಯ ಗೋಡೆ ನೆನೆದಿದೆ. ಶಾಲೆಯಲ್ಲಿ ಬಿಸಿ ಅನ್ನ ಸಾರು ಹಾಕುತ್ತಾರೆ, ಮಕ್ಕಳ ಬೆಂಚಿನ ಮೇಲೆ ಕೂತು ನಿನಗೆ ಬರೆಯುತ್ತಿದ್ದೇನೆ. ಮಾರೆವ್ವ ಮಾತು ಬಿಟ್ಟದ್ದನ್ನು ಬಿಟ್ಟಿದ್ದಾಳೆ. ಆ ಪಟ್ಟಿ ಬಳಿದ ಕೈ ತಣ್ಣಗಿರಲಿ ಎಂದು ನಮಾಜಿನಲ್ಲಿ ದಿನಾ ಬೇಡುತ್ತೇನೆ. ನೀರು ಇಳಿದ ಮೇಲೆ ಉಳಿದ ಬಾಳೆಯಲ್ಲಿ ಒಳ್ಳೆಯ ಗೊನೆ ನೋಡಿ ಆಕೆಗೆ ಒಯ್ದು ಕೊಡುತ್ತೇನೆ.

ಕಂಬ ಕೀಳಿಸಬೇಡ, ಮಗಳೇ. ಇಷ್ಟೇ ನನ್ನ ಬೇಡಿಕೆ.

ನಿನ್ನ
ಉಮರಸಾಬ ಕಾಕಾ


ಪುಣೆ
ಸೆಪ್ಟೆಂಬರ್ 2, 2025

ಪ್ರೀತಿಯ ಕಾಕಾ,

ಪ್ರಭುರಾಜ ನೀವು ಕ್ಷೇಮ ಎಂದು ಅಂದೇ ಫೋನ್ ಮಾಡಿದ್ದ. ಆದರೂ "ಇದ್ದೇವೆ" ಎಂದು ನಿಮ್ಮ ಅಕ್ಷರದಲ್ಲಿ ಓದಿದಾಗಲೇ ನನಗೆ ನಂಬಿಕೆ ಬಂದದ್ದು. ಕಾಗದವನ್ನು ಕುಷ್ಟಗಿಗೆ ಫೋನ್ ಮಾಡಿ ಅವ್ವನಿಗೆ ಓದಿ ಹೇಳಿದೆ. ಯಲಬುರ್ಗಾದ ಅತ್ತೆಯೂ ಅಲ್ಲೇ ಇದ್ದರು. ಈ ಸಲ ನಗಲಿಲ್ಲ, "ಆ ಮಾರೆವ್ವನ ಕೈಗಿ ಬಂಗಾರದ ಬಳಿ ಹಾಕಬೇಕವಾ" ಅಂದರು.

ಸಭೆ ಮುಗಿಯಿತು. ಕಂಬ ಅಲ್ಲೇ ಇರುತ್ತದೆ! ನಿಮ್ಮ ಕಾಗದವನ್ನೇ ಅನುವಾದಿಸಿ ಸಭೆಯಲ್ಲಿ ಓದಿದೆ. ಗಾಳಿ ಎದುರಾದರೆ ಗಡ್ಡೆಯ ಆ ತುದಿಗೆ ಸೈರನ್ ಮುಟ್ಟುವುದಿಲ್ಲ ಎಂದು ನಮ್ಮಲ್ಲಿ ಯಾರೂ ಯೋಚಿಸಿರಲಿಲ್ಲ. ನಾವು ಅಂಕಿಗಳನ್ನು ನಮ್ಮ ಅನುಕೂಲಕ್ಕೆ ದಂಡೆಯ ಕಡೆಗೆ ಇಟ್ಟೆವು. ನೀರಿನ ನಡುವೆ ಇರುವವರ ಕಡೆಗೆ ಏನೂ ಇಡಲಿಲ್ಲ. ಮುಂದಿನ ಮಳೆಗಾಲದೊಳಗೆ ಹೊಳೆಯುದ್ದಕ್ಕೂ ಗಡ್ಡೆಗಳಿರುವ ಕಡೆ ಎಲ್ಲ ಕಂಬಗಳ ಹಿಂಬದಿಗೂ ಇದೇ ರೀತಿ ಕೆಂಪು, ಬಿಳಿ ಪಟ್ಟಿ ಬಳಿಸುವುದು ಎಂದು ತೀರ್ಮಾನವಾಗಿದೆ.

ಒಂದು ಸಂಗತಿ ನನಗೆ ಅರ್ಥವಾಗಿಲ್ಲ. ಪ್ರಭುರಾಜನ ಫೋಟೋದಲ್ಲಿ ಪಟ್ಟಿಗಳನ್ನು ಅಳೆದು ನೋಡಿದೆ. ಪೂಜೆಗೆ ಬಳಿದವು ಹೆಚ್ಚು ಕಡಿಮೆ ಇರುತ್ತವೆ, ಇವು ಎಲ್ಲವೂ ಒಂದೇ ಅಗಲ. ಮಾರೆವ್ವ ಆ ಅಗಲವನ್ನೇ ಏಕೆ ಹಿಡಿದರು ಎಂದು ಕೇಳಿ ತಿಳಿಸುತ್ತೀರಾ? ಉಳಿದ ಕಂಬಗಳಿಗೂ ಅದನ್ನೇ ಇಟ್ಟುಕೊಳ್ಳುತ್ತೇವೆ. ನಮ್ಮ ವರದಿಯಲ್ಲಿ ನೆರವಾದವರನ್ನು ನೆನೆಯುವ ಪುಟ ಇರುತ್ತದೆ. ಅದರಲ್ಲಿ ನಿಮ್ಮ ಹೆಸರಿನ ಜೊತೆ ಅವರ ಹೆಸರನ್ನೂ ಬರೆಯುತ್ತೇನೆ.

ನಿಮ್ಮ ಋಣ ದೊಡ್ಡದು, ಕಾಕಾ. ದಸರೆಗೆ ಊರಿಗೆ ಬಂದಾಗ ನಿಮ್ಮಲ್ಲಿಗೆ ಬರುತ್ತೇನೆ. ದೀಪ ಇಲ್ಲದೆಯೂ ಊಟ ಹಾಕುತ್ತೀರಿ ತಾನೆ?

ಸುರೇಖಾ


ಹೊಳೆತಿಮ್ಮಾಪುರ
ಸೆಪ್ಟೆಂಬರ್ 12, 2025

ಮಗಳೇ,

ಊಟ ಅಷ್ಟೇ ಅಲ್ಲ, ಬಾನುಬೀ ನಿನಗೆಂದು ಈಗಲೇ ಕೋಳಿ ಗೊತ್ತುಮಾಡಿದ್ದಾಳೆ. ತಿನ್ನುವುದಿಲ್ಲ ಎಂದಾದರೆ ಬೇಗ ಬರೆ, ಬದನೆಕಾಯಿ ಎಣ್ಣೆಗಾಯಿ ಮಾಡಿಸುತ್ತೇನೆ, ಕೋಳಿಯೂ ಬದುಕಿಕೊಳ್ಳಲಿ.

ನಿನ್ನ ಪ್ರಶ್ನೆ ಹಿಡಿದುಕೊಂಡು, ಬಾಳೆಗೊನೆ ಹೆಗಲ ಮೇಲಿಟ್ಟುಕೊಂಡು ಮಾರೆವ್ವನ ಮನೆಗೆ ಹೋದೆ. ಗೊನೆ ಇಳಿಸಿ ಕೈಮುಗಿದೆ. ಆಕೆ ಸೊಂಟಕ್ಕೆ ಕೈಯಿಟ್ಟು ನಕ್ಕಳು, ಆಮೇಲೆ ನನ್ನ ಎಡಗಿವಿ ಹಿಡಿದು ಕೂಗಿದಳು. "ನನಗ್ಯಾಕ ಗೊನಿ ತಂದೀಪಾ? ಮೊದಲ ಸರ್ತಿ ಕಣ್ಣು ಮೂಗು ಬರದಾಕಿ ನಾನು. ಆ ಪಟ್ಟಿ ಬಳದಾಕಿ ನಿನ್ನ ಹೆಂಡ್ತಿ. ನಾ ಬರೇ ಸೀರಿ ಹಿಡಕೊಂಡು ನಿಂತಾಕಿ!"

ನನಗೆ ತಲೆ ಬುಡ ತಿಳಿಯಲಿಲ್ಲ. ಬಾನುಬೀಯನ್ನು ಕೂಗಿದೆ. ಆಕೆ ಪಕ್ಕದಲ್ಲೇ, ನಮ್ಮ ಬಾಗಿಲಲ್ಲಿ ನಿಂತಿದ್ದಳು, ಬಂದಳು. ಮಾರೆವ್ವ ಎಲ್ಲವನ್ನೂ ಹೇಳಿದಳು, ಬಾನುಬೀ ಕಾಲ ಹೆಬ್ಬೆರಳಿನಿಂದ ನೆಲ ಕೆರೆಯುತ್ತ ನಿಂತಳು. ಇದು ಹೀಗೆ ನಡೆದದ್ದು.

ಜುಲೈನಲ್ಲಿ ನೀನು ಸಿಟ್ಟಿನಿಂದ ಬರೆದ ಕಾಗದವನ್ನು ಬಾನುಬೀ ಹಿಂದೆ ಮುಂದೆ ತಿರುಗಿಸಿ ನೋಡಿದಳು ಎಂದು ಬರೆದಿದ್ದೆನಲ್ಲ, ಆಕೆ ಹುಡುಕುತ್ತಿದ್ದುದು ದೀಪದ ಮಾತನ್ನು. ಅದರಲ್ಲಿ ಇರಲಿಲ್ಲ. ಇನ್ನು ದೀಪ ಬರುವುದಿಲ್ಲ ಎಂದು ಆಕೆಗೆ ಆಗಲೇ ತಿಳಿಯಿತು. ನನಗೆ ಹೇಳಲಿಲ್ಲ. ಮಾರೆವ್ವ ನನ್ನ ಸಂಗಡ ಮಾತು ಬಿಟ್ಟಿದ್ದಳು, ಬಾನುಬೀ ಸಂಗಡ ಬಿಟ್ಟಿರಲಿಲ್ಲ. ಇಬ್ಬರೂ ಕೂಡಿ ಮಾತಾಡಿಕೊಂಡರು. ಮರುದಿನದಿಂದ ಬಾನುಬೀ ಬುತ್ತಿ ಕಟ್ಟಿಕೊಂಡು ಗಡ್ಡೆಗೆ ಬಂದು ನನ್ನ ಪಕ್ಕ ಕೂರತೊಡಗಿದಳು. ಇಷ್ಟು ವರ್ಷದ ಮೇಲೆ ಹೆಂಡತಿಗೆ ನನ್ನ ಮೇಲೆ ಪ್ರೀತಿ ಉಕ್ಕಿದೆ ಎಂದು ನಾನು ಒಳಗೊಳಗೇ ಹಿಗ್ಗಿದೆ. ದಂಡೆಯಲ್ಲಿ ಮಾರೆವ್ವ ಕಂಬಕ್ಕೆ ಕೆಂಪು ಸೀರೆಯನ್ನು ಸಣ್ಣಗೆ ಮಡಚಿ ಕಟ್ಟುತ್ತಿದ್ದಳು. ನಾನು ನೋಡುತ್ತೇನೋ ಇಲ್ಲವೋ ಎಂದು ಬಾನುಬೀ ನನ್ನ ಮುಖ ನೋಡುತ್ತಿದ್ದಳು. ಮೊದಲ ದಿನ ನನಗೆ ಕಾಣಲಿಲ್ಲ. ಮರುದಿನ ಒಂದು ಮಡಿಕೆ ಬಿಚ್ಚಿ ಕಟ್ಟಿದಳು, ಆಗಲೂ ಕಾಣಲಿಲ್ಲ. ಹೀಗೆ ದಿನಕ್ಕೊಂದು ಮಡಿಕೆ ಬಿಚ್ಚುತ್ತ ಬಂದರು. ಒಂದು ದಿನ ನಾನಾಗಿಯೇ ತಲೆಯೆತ್ತಿ, ಕಂಬಕ್ಕೆ ಯಾರೋ ಸೀರೆ ಒಣಹಾಕಿದ್ದಾರೆ ಎಂದು ರೇಗಿದೆ. ಬಾನುಬೀ ನಕ್ಕಳು ಎಂದು ನಿನಗೆ ಬರೆದಿದ್ದೆ. ಅಂದು ಸೀರೆ ಎಷ್ಟಗಲ ಇತ್ತೋ ಅಷ್ಟಗಲಕ್ಕೆ ಗೇಣು ಹಾಕಿ ಅಳೆದು, ಮುಂದಿನ ವಾರ ಶುಕ್ರವಾರ ನಾನು ಗಂಗಾವತಿಗೆ ನಮಾಜಿಗೆ ಹೋದಾಗ ಇಬ್ಬರೂ ಏಣಿ ಇಟ್ಟು ಪಟ್ಟಿ ಬಳಿದರು.

"ನನಗ್ಯಾಕ ಹೇಳಲಿಲ್ಲ?" ಎಂದೆ ಬಾನುಬೀಗೆ.

ಆಕೆ ನನ್ನ ಕಿವಿಗೆ ಕೂಗಲಿಲ್ಲ. ಎದುರಿಗೆ ನಿಂತು ತುಟಿ ಬಿಡಿಸಿ ನಿಧಾನವಾಗಿ ಹೇಳಿದಳು. "ಕಿವಿ ಹೋಗ್ಯಾವ ಅಂತ ನಾಲ್ಕು ಮಂದ್ಯಾಗ ನಕ್ಕೋತ ಹೇಳ್ತೀರಿ, ಮನ್ಯಾಗ ಒಬ್ಬರ ಕುಂತು ಕಣ್ಣಾಗ ನೀರು ತಗೀತೀರಿ. ಕಣ್ಣೂ ಮಂದ ಆಗ್ಯಾವ ಅಂತ ನಾ ಹೆಂಗ ಹೇಳ್ಲಿ ನಿಮಗ?"

ನಾನು ಮಾತಿನ ಮಲ್ಲ ಎಂದು ಊರೆಲ್ಲ ಹೆಸರು, ಮಗಳೇ. ಆ ಹೊತ್ತಿಗೆ ಗೊನೆಯಿಂದ ಒಂದು ಚಿಪ್ಪು ಮುರಿದು ಬಾನುಬೀಯ ಕೈಗೆ ಕೊಟ್ಟೆ.

ಆ ಅಗಲವೇ ಏಕೆ ಎಂದು ಕೇಳಿದ್ದೆಯಲ್ಲ. ಅದು ನನ್ನ ಕಣ್ಣಿಗೆ ಕಾಣುವಷ್ಟು ಅಗಲ, ಅಷ್ಟೇ. ಬಾನುಬೀಯ ಕೈಯಲ್ಲಿ ಒಂದು ಗೇಣು, ನಾಲ್ಕು ಬೆರಳು. ಈ ಕಾಗದದೊಳಗೆ ಒಂದು ದಾರ ಮಡಚಿ ಇಟ್ಟಿದ್ದೇನೆ, ಆಕೆಯೇ ಅಳೆದು ಕತ್ತರಿಸಿ ಕೊಟ್ಟದ್ದು. ಎಲ್ಲ ಕಂಬಗಳಿಗೂ ಅಷ್ಟಗಲ ಬಳಿಸು. ನನಗೆ ಕಂಡದ್ದು ಎಲ್ಲರಿಗೂ ಕಾಣುತ್ತದೆ. ಆ ನೆನೆಯುವ ಪುಟದಲ್ಲಿ ನನ್ನ ಹೆಸರು ಬೇಡ, ಆ ಜಾಗದಲ್ಲಿ ಬಾನುಬೀ ಎಂದು ಬರೆ. ಪಕ್ಕದಲ್ಲಿ ಸೀರೆ ಹಿಡಿದವಳು ಮಾರೆವ್ವ ಎಂದು ಬರೆ, ಇಲ್ಲದಿದ್ದರೆ ಮತ್ತೆ ಮಾತು ಬಿಡುತ್ತಾಳೆ.

ದೀಪ ಕೊಡದವರಿಗೂ ನನ್ನದೊಂದು ಸಲಾಮು ತಿಳಿಸು. ಸಿಟ್ಟಿನಿಂದಲ್ಲ, ಮನಸಾರೆ ಹೇಳುತ್ತಿದ್ದೇನೆ. ದೀಪ ಬಂದಿದ್ದರೆ ಈ ಹೆಂಗಸು ನನ್ನನ್ನು ಎಷ್ಟು ಗಮನವಿಟ್ಟು ನೋಡುತ್ತಾಳೆ ಎಂದು ನಾನು ತಿಳಿಯದೆಯೇ ಹೋಗುತ್ತಿದ್ದೆ.

ನೆರೆಯ ನೀರು ಕಂಬದ ಬಣ್ಣವನ್ನೆಲ್ಲ ತೊಳೆದುಕೊಂಡು ಹೋಗಿತ್ತು. ನಿನ್ನೆ ಮತ್ತೆ ಬಳಿದೆವು. ಬಾನುಬೀ ಏಣಿಯ ಮೇಲೆ, ನಾನು ಕೆಳಗೆ ಕೆಮ್ಮಣ್ಣಿನ ಬಕೆಟ್ ಹಿಡಿದು. ನೀರುನಾಯಿಗಳು ಬಂಡೆಯ ಮೇಲೆ ಬಂದು ನೋಡಿ ಹೋದವು. ಅರ್ಧ ಆದಾಗ ನಾನೇ ಕೂಗಿ ಹೇಳಿದೆ, "ಇನ್ನೊಂದೆರಡು ಬೆರಳು ಅಗಲ ಬಳಿ, ಮುಂದಿನ ವರ್ಷಕ್ಕ ಕಣ್ಣು ಇನ್ನಷ್ಟು ಮಂದ ಆಗಿರ್ತಾವ." ಆಕೆ ಅಲ್ಲಿಂದಲೇ ಏನೋ ಅಂದಳು. ನನಗೆ ಕೇಳಿಸಲಿಲ್ಲ. ಆಕೆ ಏಣಿ ಇಳಿದು ಬಂದು, ಕೆಮ್ಮಣ್ಣಿನ ಕೈಯಲ್ಲೇ ನನ್ನ ಗದ್ದ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡು, ತುಟಿ ಬಿಡಿಸಿ ಮತ್ತೊಮ್ಮೆ ಹೇಳಿದಳು.

ನಿನ್ನ ಕಾಕಾ
ಉಮರಸಾಬ